ಕಿರುಚುವ ಬ್ರೇಕು, ಇಳಿಸಿದ ಬೋರ್ಡು

ಮೂರು ವರ್ಷದ ಹಿಂದಿನ ಮಾತು, ದಸರಾ ಮುಗಿದ ವಾರ. ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ನನ್ನ ಗ್ಯಾರೇಜಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಹಾವೇರಿಯಲ್ಲಿ ಕೆಲಸ ಕಲಿತವನು ನಾನು. ಲಾರಿಯಾಗಲಿ, ಟ್ರೇಲರ್ ಆಗಲಿ, ಕಾರಾಗಲಿ, ನನ್ನ ಕೈ ದಾಟಿ ಹೋದ ಬ್ರೇಕಿನ ಬಗ್ಗೆ ದೂರು ಬಂದದ್ದಿಲ್ಲ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘ಬ್ರೇಕ್ ಸ್ಪೆಷಲಿಸ್ಟ್’ ಎಂದು ಬೋರ್ಡು ಬರೆಸಿದ್ದೆ.

ಆ ದಿನ ಬೆಳಿಗ್ಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮಹೇಶಣ್ಣನ ಕಾರು ಬಂತು. ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ. ನಾಲ್ಕು ಬಾಗಿಲಿನದಾದರೂ ಓಟಕ್ಕೆಂದೇ ಮಾಡಿದ ವಿದೇಶಿ ಕಾರು ಅದು. ಅಂಥ ಗಾಡಿ ನನ್ನ ಬಾಗಿಲ ಮುಂದೆ ನಿಲ್ಲುವಾಗ ಎಷ್ಟು ಕಿರುಚಿತೆಂದರೆ, ಎದುರಿನ ಚಹಾದಂಗಡಿಯ ಮಂದಿಯೆಲ್ಲ ಕಪ್ಪು ಹಿಡಿದುಕೊಂಡೇ ಹೊರಗೆ ಬಂದರು. ಗಾಡಿ ಓಡಿಸಿಕೊಂಡು ಬಂದವನು ಅಗಡಿಯ ಫಕ್ಕೀರಪ್ಪ, ಮಹೇಶಣ್ಣನ ತಂದೆಯ ಕಾಲದಿಂದಲೂ ಆ ಮನೆಯ ಡ್ರೈವರ್. ಮಹೇಶಣ್ಣ ಇಳಿದವನೇ ನನ್ನನ್ನು ಪಕ್ಕಕ್ಕೆ ಕರೆದ.

“ಒರಿಜಿನಲ್ ಪ್ಯಾಡ್ ತಗದು ಮಾರ್ಯಾನ ಅನಸ್ತೈತ್ರಿ ಮಿಸ್ತ್ರಿ. ಬಿಚ್ಚಿ ನೋಡ್ರಿ. ಖರೇ ಆದ್ರ ಇವತ್ತ ಅವನ್ನ ಅಗಡಿ ಬಸ್ ಹತ್ತಸ್ತೇನಿ.”

ಪಕ್ಕಕ್ಕೆ ಕರೆದು ಹೇಳಿದ ಮಾತಾದರೂ ಫಕ್ಕೀರಪ್ಪನ ಕಿವಿಗೆ ಬಿದ್ದಿತ್ತು. ಅವನು ಟವೆಲ್ಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಬೇವಿನ ಗಿಡದ ಕೆಳಗೆ ಹೋಗಿ ನಿಂತ.

ಅಷ್ಟರಲ್ಲಿ ಚಹಾದಂಗಡಿಯ ಈರಣ್ಣ, “ಇದು ಟ್ರೇಲರ್ ಅಲ್ಲೋ ಕಾಕಾ, ಹುಬ್ಬಳ್ಳಿಗೆ ಕಳಸು” ಎಂದ. ನನಗೆ ಅಷ್ಟೇ ಸಾಕಾಯಿತು.

“ಸಂಜಿ ಒಳಗ ಸದ್ದು ನಿಲ್ಲಲಿಲ್ಲ ಅಂದ್ರ ಈ ಬೋರ್ಡ್ ಇಳಸ್ತೇನಿ.”

ಓಣಿಯೇ ಕೇಳಿಸಿಕೊಂಡಿತು.

ಗಾಲಿ ಬಿಚ್ಚಿದೆ. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಗೆ ಡಿಸ್ಕ್ ಎನ್ನುತ್ತಾರೆ. ಬ್ರೇಕ್ ತುಳಿದಾಗ ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು ಪ್ಯಾಡ್. ಪ್ಯಾಡಿನ ಬೆನ್ನ ಮೇಲೆ ಕಂಪನಿಯ ಅಚ್ಚು ಸ್ಪಷ್ಟವಾಗಿತ್ತು, ಸವೆತವೂ ಹೆಚ್ಚಿರಲಿಲ್ಲ. ಫಕ್ಕೀರಪ್ಪ ಏನನ್ನೂ ಮಾರಿರಲಿಲ್ಲ. ಆದರೆ ಒರಟಾಗಿರಬೇಕಾದ ಪ್ಯಾಡಿನ ಮುಖ ಗಾಜಿನಂತೆ ಮಿಂಚುತ್ತಿತ್ತು. ಮರಳು ಕಾಗದದಿಂದ ಉಜ್ಜಿ, ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಜೋಡಿಸಿ ಮೇಡ್ಲೇರಿ ಕಡೆ ಓಡಿಸಿ ನೋಡಿದೆ. ಮೊದಲು ಸದ್ದಿಲ್ಲ. ನಾಲ್ಕಾರು ಸಲ ತುಳಿದು ಬ್ರೇಕು ಬಿಸಿಯಾದ ಕೂಡಲೇ ಮತ್ತೆ ಅದೇ ಕಿರುಚು. ವಾಪಸು ಬಂದು ಮತ್ತೆ ಬಿಚ್ಚಿದೆ, ಮತ್ತೆ ತೊಳೆದೆ, ಮತ್ತೆ ಕಿರುಚಿತು. ಊಟದ ಹೊತ್ತು ಮೀರಿತ್ತು. ಮಹೇಶಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ದರ ಮಾತಾಡುತ್ತಿದ್ದ, ಕಣ್ಣು ಮಾತ್ರ ಫಕ್ಕೀರಪ್ಪನ ಮೇಲೆ. ಈರಣ್ಣ ಆಗಾಗ ನನ್ನ ಬೋರ್ಡು ನೋಡುತ್ತಿದ್ದ.

ಇಂಥ ವೇಗದ ಗಾಡಿಗಳ ಡಿಸ್ಕಿನಲ್ಲಿ ಬಿಸಿ ಹೊರಹೋಗಲೆಂದು ಸಾಲಾಗಿ ಸಣ್ಣ ತೂತು ಕೊರೆದಿರುತ್ತಾರೆ. ಕೊನೆಗೆ ಡಿಸ್ಕಿನ ಹಿಂದೆ ಬಲ್ಬು ಹಿಡಿದು ನೋಡಿದೆ. ಬೆಳಕು ಹಾಯಬೇಕಾದ ತೂತುಗಳೆಲ್ಲ ಕಪ್ಪಾಗಿದ್ದವು. ತಂತಿ ಹಾಕಿ ಕೆದಕಿದರೆ ಎಣ್ಣೆಯಲ್ಲಿ ಕಲಸಿದ ಕುಂಕುಮ! ತಣ್ಣಗಿದ್ದಾಗ ತೂತಿನೊಳಗೇ ಕೂತಿರುತ್ತದೆ, ಡಿಸ್ಕ್ ಕಾದರೆ ಎಣ್ಣೆ ಕರಗಿ ಪ್ಯಾಡಿಗೆ ಹರಿಯುತ್ತದೆ. ನಾನು ಮೇಲಿನಿಂದ ಎಷ್ಟು ತೊಳೆದರೇನು?

ಗಾಲಿ ಹಿಡಿಯಲು ಬಾ ಎಂದು ಫಕ್ಕೀರಪ್ಪನನ್ನು ಒಳಗೆ ಕರೆದು, ಖಂಡೆ ಪೂಜೆಗೆ, ಅಂದರೆ ದಸರಾದ ಆಯುಧ ಪೂಜೆಗೆ, ಗಾಡಿ ಪೂಜಿಸಿದವರು ಯಾರೆಂದು ಮೆಲ್ಲಗೆ ಕೇಳಿದೆ.

“ಅವ್ವಾರು. ತೂತಿಗೊಂದು ಬೊಟ್ಟ ಇಟ್ಟಾರ. ಅವರ ಹೆಸರ ತಗೀಬ್ಯಾಡ್ರಿ ಮಿಸ್ತ್ರಿ.”

ಅವ್ವಾರು ಅಂದರೆ ಮಹೇಶಣ್ಣನ ತಾಯಿ. ಗಂಡ ತೀರಿಕೊಂಡ ಮೇಲೆ ಅವರು ಮೊದಲ ಸಲ ಪೂಜೆಗೆ ಕೈ ಹಾಕಿದ್ದರಂತೆ. ಗಂಡ ಸತ್ತವರು ಗಾಡಿಗೆ ಕುಂಕುಮ ಹಚ್ಚುವುದೇ ಎಂದು ಬೀಗರ ಕಡೆಯವರು ಅಂದು ಆಗಿತ್ತಂತೆ. ಈಗ ಗಾಡಿ ಕೆಟ್ಟದ್ದೇ ಆ ಪೂಜೆಯಿಂದ ಎಂದು ಗೊತ್ತಾದರೆ, ಅವರು ಇನ್ನು ಯಾವ ಹಬ್ಬಕ್ಕೂ ಪಡಸಾಲೆಗೆ ಬರುವುದಿಲ್ಲ ಎಂದ.

“ಪ್ಯಾಡ್ ಒರಿಜಿನಲ್ ಇದ್ರೂ ಎಣ್ಣಿ ಹತ್ತಿಸಿದಾಂವ ನೀನ ಅಂತಾನ. ನಿನ್ನ ನೌಕರಿ ಹೊಕ್ಕೈತಲ್ಲೋ” ಎಂದೆ.

“ಹೋಗ್ಲಿ ಬಿಡ್ರಿ. ನಾ ಇನ್ನೊಂದು ಸ್ಟೇರಿಂಗ್ ಹಿಡಿತೇನಿ. ಅವ್ವಾರು ಎಲ್ಲಿ ಹೋಗ್ತಾರ?”

ನಿಜ ಹೇಳಿದರೆ ಆ ತಾಯಿಗೆ ಕುತ್ತು, ಬಾಯಿ ಮುಚ್ಚಿಕೊಂಡರೆ ಈ ಮನುಷ್ಯನಿಗೆ. ಮೆಣಸಿನಕಾಯಿ ಧೂಳು ಎಂದು ಸಾಗಹಾಕೋಣವೆಂದರೆ, ಆ ಧೂಳಿನಲ್ಲೇ ಬೆಳೆದ ಮಹೇಶಣ್ಣ ನಂಬುವವನಲ್ಲ. ಎಣ್ಣೆ ಕುಡಿದ ಪ್ಯಾಡು ಇನ್ನು ಕೆಲಸಕ್ಕೂ ಬಾರದು, ಹೊಸದನ್ನು ಹುಬ್ಬಳ್ಳಿಯಿಂದ ತರಿಸಬೇಕು. ಅಂದರೆ ಸಂಜೆಯ ಮಾತು ಹೇಗೂ ಹೋಯಿತು. ಹೋಗುವುದು ಹೋಗಿದೆ, ಅದರ ಜೊತೆ ಇನ್ನೊಂದಿಷ್ಟು ಹೋಗಲಿ ಎನಿಸಿತು. ಹಬ್ಬದ ಮುಂಚೆ ಆ ಗಾಡಿಗೆ ಹೊಸ ಟೈರು ಹಾಕಿದವನು ನಾನೇ ಆಗಿದ್ದೆ.

ಕೈ ಒರೆಸಿಕೊಂಡು ಹೊರಗೆ ಬಂದೆ. “ಪ್ಯಾಡ್ ಒರಿಜಿನಲ್ ಅದಾವ್ರಿ, ಅಚ್ಚು ನೋಡ್ರಿ. ಟೈರ್ ಹಾಕುವಾಗ ನನ್ನ ಕೈ ಗ್ರೀಸ್ ಡಿಸ್ಕಿಗೆ ಹತ್ತೈತಿ. ಬ್ಯಾರೆ ಪ್ಯಾಡ್ ತರಸ್ಬೇಕು.”

ಮಹೇಶಣ್ಣ ನನ್ನನ್ನೇ ನೋಡಿದ. “ನೀವು?” ಎಂದ. ಅಷ್ಟೇ. ಆ ಒಂದು ಮಾತು ಇವತ್ತಿಗೂ ಕಿವಿಯಲ್ಲಿದೆ. ಪ್ಯಾಡಿನ ಬೆನ್ನು ತಿರುಗಿಸಿ ನೋಡಿ, ಕೆಳಗಿಟ್ಟು, “ನಡಿ ಫಕ್ಕೀರ, ಇಬ್ರೂ ಬಸ್ಸಿಗೆ ಹೋಗೋಣು” ಎಂದು ಹೊರಟ.

ನಾನು ಏಣಿ ತಂದು ಬೋರ್ಡು ಇಳಿಸಿದೆ. ಈರಣ್ಣ ನಗುತ್ತಾನೆಂದುಕೊಂಡಿದ್ದೆ. ಅವನು ಬಂದು ಏಣಿ ಹಿಡಿದ.

ಹೊಸ ಪ್ಯಾಡು ಬಂದವು. ಒಂದೊಂದೇ ತೂತನ್ನು ತಂತಿಯಿಂದ ಶುದ್ಧ ಮಾಡಿ ಜೋಡಿಸಿದೆ. ಆಮೇಲೆ ಆ ಗಾಡಿ ಕಿರುಚಲಿಲ್ಲ.

ಮರುವರ್ಷ ಖಂಡೆ ಪೂಜೆಯ ಹಿಂದಿನ ದಿನ ಅದೇ ಕಾರು ಬಂತು. ಸ್ಟೇರಿಂಗ್ ಹಿಡಿದವನು ಫಕ್ಕೀರಪ್ಪ, ಅವನ ಪಕ್ಕ ಮಹೇಶಣ್ಣ. ಹಿಂದಿನ ಸೀಟಿನಿಂದ ಅವ್ವಾರು ಇಳಿದರು.

“ಕುಂಕುಮ ನಂದು, ಗ್ರೀಸ್ ನಿಮ್ಮದು ಹೆಂಗಾತ್ರಿ ಮಿಸ್ತ್ರಿ? ಗ್ರೀಸ್ ಸುದ್ದಿ ಕೇಳಿದ ಕೂಡ್ಲೆ ನನ್ನ ಬೊಟ್ಟ ನೆನಪಾತು, ಮಗಗ ನಾನ ಹೇಳೇನಿ. ಈ ಸಲ ಬೊಟ್ಟ ಎಲ್ಲಿ ಇಡ್ಲಿ, ತೋರಸ್ರಿ.”

ನಾನು ಬಗ್ಗಿ ಟೈರಿನ ರಬ್ಬರು ಮುಟ್ಟಿ ತೋರಿಸಿದೆ. ಮಹೇಶಣ್ಣ ಬೋರ್ಡು ಎಲ್ಲಿದೆ, ಏರಿಸೋಣ ಎಂದ. ಬೇಡವೆಂದೆ. ಸಂಜೆಯೊಳಗೆ ಎಂದವನು ನಾನು, ಆಗಿರಲಿಲ್ಲ. ಈಗ ನನ್ನದನ್ನು ಬೋರ್ಡಿಲ್ಲದ ಗ್ಯಾರೇಜು ಎಂದೇ ಕೇಳಿಕೊಂಡು ಬರುತ್ತಾರೆ.

ಸದ್ದು ಎಲ್ಲಿಂದ ಬರುತ್ತದೆಂದು ಹುಡುಕುವುದು ಈ ಕೆಲಸದಲ್ಲಿ ಅರ್ಧ. ಹುಡುಕಿದ್ದನ್ನು ಏನು ಮಾಡಬೇಕೆಂಬುದು ಉಳಿದರ್ಧ; ಅದನ್ನು ಆ ಗಾಡಿ ಕಲಿಸಿತು. ಹಬ್ಬದ ಮುಂಚೆ ಬರುವವರಿಗೆಲ್ಲ, ಬೊಟ್ಟು ರಬ್ಬರಿಗಿಡಿ, ಡಿಸ್ಕಿಗೆ ಬೇಡ ಎನ್ನುತ್ತೇನೆ. ಹಬ್ಬ ಮುಗಿದ ಮೇಲೆ ಕಿರುಚುತ್ತ ಬಂದ ಗಾಡಿಯನ್ನು ಬಿಚ್ಚಿ ತೊಳೆಯುತ್ತೇನೆ. ಯಾರು ಇಟ್ಟದ್ದು ಎಂದು ಮಾತ್ರ ಕೇಳುವುದಿಲ್ಲ.