ಗಾದಿ ಚಾಚಾರ ಒಣ ಬತ್ತಿ

ಕಳೆದ ವಾರ ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಇಸ್ತ್ರಿಯವನು ಯಾರದೋ ಬಿಳಿ ಧೋತರದ ಮೇಲೆ ಪೆಟ್ಟಿಗೆ ಇಟ್ಟು ಮರೆತುಬಿಟ್ಟ. ಹತ್ತಿ ಕರಕಾದ ವಾಸನೆ ಕಿಟಕಿಯಿಂದ ಒಳಗೆ ಬಂತು. ಮನೆಯವರು ಅರಿವೆ ಸುಟ್ಟಿತು ಅಂದರು. ನನಗೆ ಮಾತ್ರ ಅದು ಗಾದಿ ಚಾಚಾ ಹಾಕಿದ ಮೊದಲ ಬತ್ತಿಯ ವಾಸನೆ...

ಚಾಚಾರ ಗಾದಿ ಅಂಗಡಿ ಸೂಪರ್ ಮಾರ್ಕೆಟ್‌ನ ಹಿಂದಿನ ಗಲ್ಲಿಯಲ್ಲಿ, ನಮ್ಮ ಪತ್ರಿಕೆಯ ಕಚೇರಿಯ ಮೆಟ್ಟಿಲ ಪಕ್ಕದಲ್ಲೇ ಇತ್ತು. ಹತ್ತಿ ಹಿಂಜುವುದು, ಗಾದಿ ತುಂಬುವುದು ಅವರ ಮನೆತನದ ಕೆಲಸ, ಊರು ಕಮಲಾಪುರ. ಹುಬ್ಬು, ಮೀಸೆಗಳ ಮೇಲೆ ಸದಾ ಹತ್ತಿಯ ಎಳೆ, ಬಾಯಲ್ಲಿ ಬೀಡಿ. ಹತ್ತಿಯ ನಡುವೆ ಕೂತು ಬೆಂಕಿ ಸೇದುವವರು ಎಂದು ಗಲ್ಲಿಯವರು ನಗುತ್ತಿದ್ದರು. ಅಂಗಡಿಗೆ ಒಮ್ಮೆಯೂ ಕಿಡಿ ತಾಗಲಿಲ್ಲ. ತಾಗಿದ್ದು ಎದೆಗೆ.

ಕಮಲಾಪುರದಲ್ಲೇ ಮದುವೆ ಮಾಡಿಕೊಟ್ಟಿದ್ದ ಮಗಳಿಗೆ ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಕೂಸಿನ ಎದೆ ನಾಜೂಕು, ಹೊಗೆ ಸೋಕಬಾರದು ಎಂದು ಡಾಕ್ಟರು ಹೇಳಿದ್ದರು. ನೋಡಲು ಹೋದ ಅಪ್ಪನನ್ನು ಮಗಳು ಬಾಗಿಲಲ್ಲೇ ನಿಲ್ಲಿಸಿ, ಬೀಡಿ ಬಿಡುವ ತನಕ ಕೂಸನ್ನು ಕೈಗೆ ಕೊಡುವುದಿಲ್ಲ ಅಂದಳಂತೆ. ಕಲಬುರಗಿಗೆ ಮರಳಿದ ಚಾಚಾ ಇದನ್ನು ನನಗೆ ನಗುತ್ತಲೇ ಹೇಳತೊಡಗಿದರು. ನಗು ಮುಗಿಯುವ ಮೊದಲೇ ಕೆಮ್ಮು ಬಂತು.

ಆ ದಿನಗಳಲ್ಲೇ ಅವರ ಅಣ್ಣನ ಮಗ ದುಬೈಯಿಂದ ರಜೆಗೆ ಬಂದಿದ್ದ. ಬೀಡಿ ಬಿಡಲು ಆಸರೆಯಾದೀತೆಂದು ತನ್ನ ವೇಪ್ ಯಂತ್ರವನ್ನು, ಅಂದರೆ ಇ-ಸಿಗರೇಟನ್ನು, ಅವರಿಗೆ ಕೊಟ್ಟ. ಆಗಿನ್ನೂ ಅದಕ್ಕೆ ನಿಷೇಧ ಇರಲಿಲ್ಲ. ಒಳಗೊಂದು ಸಣ್ಣ ತಂತಿ ಸುರುಳಿ. ಅದರೊಳಗೆ ಹತ್ತಿಯ ಬತ್ತಿ ತೂರಿಸಿ, ಎರಡೂ ತುದಿಗಳನ್ನು ಕೆಳಗಿನ ನಿಕೋಟಿನ್ ರಸಕ್ಕೆ ಇಳಿಬಿಡಬೇಕು. ತಂತಿ ಕಾದಾಗ ಬತ್ತಿ ಹೀರಿದ ರಸ ಆವಿಯಾಗುತ್ತದೆ. ಬತ್ತಿಯನ್ನು ಆಗಾಗ ನಾವೇ ಬದಲಿಸಬೇಕು. ಹುಡುಗ ಅದನ್ನು ತೋರಿಸಲು ಹೋದರೆ ಚಾಚಾ ತಡೆದರು.

“ಹತ್ತಿ ಕೆಲಸ ನನಗ ಕಲಸ್ತಾನೇನ್ರಿ ಇಂವ?”

ಮೊದಲ ಎಳೆತಕ್ಕೇ ಗಂಟಲು ಸುಟ್ಟಿತು. ಕರಕು ವಾಸನೆ ಗಲ್ಲಿಗೆಲ್ಲ ಹಬ್ಬಿತು. ಎರಡನೆಯ ಬತ್ತಿಯೂ ಹಾಗೇ ಆಯಿತು. ಎದುರಿನ ಪಾನ್ ಅಂಗಡಿಯವನು ಯಾರ ಗಾದಿ ಸುಟ್ಟಿತೆಂದು ಅಲ್ಲಿಂದಲೇ ಕೇಳಿದ. ಚಾಚಾ ಬತ್ತಿಯನ್ನು ಹೊರಗೆಳೆದು ಬೆರಳುಗಳ ನಡುವೆ ಒತ್ತಿ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು.

“ನಾ ಇದಕ್ಕ ಗಾದಿ ತುಂಬೀನಿ ನೋಡ್ರಿ. ಇದರ ಮ್ಯಾಲ ಯಾರ ಮಲಗವರದಾರ?”

ಮೂಲೆ ಮೂಲೆಗೂ ಬಿಗಿಯಾಗಿ ತುಂಬಿ, ಗಿರಾಕಿಯ ಹೆಬ್ಬೆರಳು ಒಳಗಿಳಿಯದಂತೆ ಮಾಡುವುದೇ ಅವರು ಜೀವನವಿಡೀ ಕಲಿತ ವಿದ್ಯೆ. ಅದೇ ಕೈ ಸುರುಳಿಗೂ ತುಂಬಿತ್ತು. ಬಿಗಿಯಾದ ಹತ್ತಿಯಲ್ಲಿ ರಸ ಏರಲಿಲ್ಲ. ಒಣ ಹತ್ತಿ ಉರಿಯಿತು.

ಆ ಕೈ ತನ್ನ ವಿದ್ಯೆಯನ್ನು ಮರೆಯಲು ಕಲಿತದ್ದನ್ನು ನಾನು ಮೆಟ್ಟಿಲ ಮೇಲೆ ಕೂತು ನೋಡಿದೆ. ದಪ್ಪ ಬೆರಳುಗಳು ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ, ಒಂದೇ ದಿಕ್ಕಿಗೆ ಬಾಚಿ, ತುದಿಯನ್ನು ಹೊಸೆದು ಸುರುಳಿಯೊಳಗೆ ದಾಟಿಸುತ್ತಿದ್ದವು. ಎಳೆಯುವಾಗ ಹತ್ತಿ ತಂತಿಯನ್ನು ಸವರಬೇಕು, ತಂತಿ ಬಾಗಬಾರದು. ಆ ಹೊತ್ತಿಗೆ ಚಾಚಾ ಉಸಿರು ಹಿಡಿಯುತ್ತಿದ್ದರು. ನೋಡುತ್ತಿದ್ದ ನಾನೂ ಹಿಡಿಯುತ್ತಿದ್ದೆ.

ಬೀಡಿ ನಿಂತಿತು. ಇನ್ನು ಕಮಲಾಪುರಕ್ಕೆ ಹೋಗಿಬರಬಹುದಲ್ಲ ಎಂದು ನಾನು ಕೇಳಿದೆ. ಹೊಗೆ ಅಂದರೆ ಹೊಗೆಯೇ, ಈ ಬಾಯಿ ಹೊತ್ತು ಕೂಸಿನ ಮುಂದೆ ಹೋಗುವುದಿಲ್ಲ ಅಂದರು. ಯಂತ್ರದ ಹೊಗೆ ಒಳ್ಳೆಯದೆಂದು ಅವರೂ ನಂಬಿರಲಿಲ್ಲ.

ಅಷ್ಟರಲ್ಲಿ ಸರ್ಕಾರ ವೇಪ್ ಮಾರಾಟವನ್ನು ನಿಷೇಧಿಸಿತು. ಆ ಸುದ್ದಿಯ ಪುಟ ಕಟ್ಟಿದವನು ನಾನೇ. ಕೆಳಗಿಳಿದು ಚಾಚಾರಿಗೆ ಹೇಳಿದೆ. ಶೀಶೆಯಲ್ಲಿ ಉಳಿದಿದ್ದ ರಸ ಬೇಗನೆ ತೀರಿತು. ಪಾನ್ ಅಂಗಡಿಯವನು ಚಾಚಾರ ಬೀಡಿ ಕಟ್ಟನ್ನು ತೆಗೆದಿರಿಸಿರುವುದಾಗಿ ಕೂಗಿ ಹೇಳಿದ. ಚಾಚಾ ಅತ್ತ ನೋಡಲಿಲ್ಲ.

ಅಂದಿನಿಂದ ಸಂಜೆ ಬೀಡಿ ಹೊತ್ತಿಸುತ್ತಿದ್ದ ವೇಳೆಗೆ ಅವರು ಯಂತ್ರವನ್ನು ಹಲಗೆಯಿಂದ ಇಳಿಸಿಕೊಂಡು ಕೂರುತ್ತಿದ್ದರು. ಹಿಂದಿನ ದಿನದ ಬತ್ತಿಯನ್ನು ತೆಗೆಯುವರು. ಅದು ಹಾಕಿದಾಗಿನಷ್ಟೇ ಬಿಳಿ. ಹೊಸದನ್ನು ಬಾಚಿ, ತೂರಿಸಿ, ತುದಿ ಕತ್ತರಿಸಿ, ಮಡಿಚಿ, ಮುಚ್ಚಳ ತಿರುವಿ ಹಲಗೆಯ ಮೇಲಿಡುವರು. ರಸವಿಲ್ಲ, ಬೆಂಕಿಯಿಲ್ಲ. ಬೀಡಿಯ ಚಟ ಬಲವಾಗಿ ಎಳೆದ ದಿನವೂ ತಂತಿ ಬಾಗಲಿಲ್ಲ. ಇದು ಯಾತಕ್ಕೆ ಎಂದು ಕೇಳಿದೆ.

“ಕೈಗಿ ಕೆಲಸ ಕೊಟ್ಟೀನ್ರಿ. ಎದಿ ತಾನೇ ಸುಮ್ಮ ಆಗ್ತದ.”

ಸಂಕಲ್ಪ, ಪ್ರತಿಜ್ಞೆ ಎಂಬ ಮಾತುಗಳನ್ನು ಪತ್ರಿಕಾಗೋಷ್ಠಿಗಳಲ್ಲಿ ಸಾಕಷ್ಟು ಬರೆದುಕೊಂಡಿದ್ದೇನೆ. ಕಣ್ಣಾರೆ ಕಂಡದ್ದು ಆ ಅಂಗಡಿಯಲ್ಲಿ ಮಾತ್ರ.

ಕೆಂಪು ಬಾಳೆ ಬೆಳೆಯುವವರ ಕುರಿತು ಬರೆಯಲು ಕಮಲಾಪುರಕ್ಕೆ ಹೊರಟ ದಿನ ಚಾಚಾ ತಾವಾಗಿಯೇ ನನ್ನ ಬೈಕ್ ಹತ್ತಿದರು. ಬಾಗಿಲಲ್ಲಿ ಮಗಳು ಅವರ ಎರಡೂ ಕೈಗಳನ್ನು ಹಿಡಿದು ಬೆರಳುಗಳನ್ನು ಮೂಸಿ ನೋಡಿದಳು. ಒಳಗೆ ಹೋಗಿ ಕೂಸನ್ನು ತಂದಳು. ಚಾಚಾ ನೆಲದ ಮೇಲೆ ಕೂತು, ತೊಡೆಯ ಮೇಲೆ ಒಗೆದ ಪಂಚೆ ಹಾಸಿ ಕೂಸನ್ನು ಕೈಗೆ ತೆಗೆದುಕೊಂಡರು. ಹಗುರವಾಗಿ... ಸುರುಳಿಗೆ ಹತ್ತಿ ದಾಟಿಸುವಾಗ ಹಿಡಿಯುತ್ತಿದ್ದಂತೆ ಉಸಿರು ಹಿಡಿದು.

ಕೆಲ ವರ್ಷಗಳ ಮೇಲೆ ಅದೇ ಎದೆ ಅವರನ್ನು ಕೊಂಡೊಯ್ದಿತು. ಹಳೆಯ ಹೊಗೆಯ ಪಾಲೆಷ್ಟು, ಹತ್ತಿಯ ಧೂಳಿನ ಪಾಲೆಷ್ಟು, ಯಾರೂ ಹೇಳಲಿಲ್ಲ, ನಾನೂ ಬರೆಯಲಾರೆ. ಅಂಗಡಿಯ ಜಾಗದಲ್ಲಿ ಈಗ ಫೋಮ್ ಹಾಸಿಗೆ ಮಾರುತ್ತಾರೆ.

ನಿನ್ನೆ ಕಮಲಾಪುರಕ್ಕೆ, ಚಾಚಾರ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳು ಶಾಲೆಗೆ ಹೋಗಿದ್ದಳು. ಮಗಳಿಗೆ ಆ ಒಣ ಬತ್ತಿಯ ಸಂಜೆಗಳ ಬಗ್ಗೆ ಹೇಳಿದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೋದವಳು ಮತ್ತೆ ಬಂದು ಬಾಗಿಲಲ್ಲಿ ನಿಂತಳು.

“ಅವತ್ತ ಸಿಟ್ಟಿನಾಗ ಅಂದಿದ್ದೆ ಅಣ್ಣಾರ. ಮರುದಿನ ಬಂದಿದ್ರೂ ಕೂಸಿನ್ನ ಕೊಡತಿದ್ದೆ. ಫೋನ್ ಮಾಡಲಾಕ ನನಗೂ ಹಟ... ಬಾಗಲಾ ನೋಡ್ಕೋತ ಕುಂತಿದ್ದೆ. ನಮ್ಮ ಅಬ್ಬಾ ಬರಲಿಲ್ಲ.”