ಸರ್ವಮಂಗಳ ಮೇಡಂ ಗುಂಪು ಕಟ್ಟಿದ್ದು

ಶಿಕಾರಿಪುರದಲ್ಲಿ ಮದುವೆ ಊಟಕ್ಕೆ ಯಾರು ಯಾರ ಪಕ್ಕ ಕೂರಬಾರದು ಎಂಬ ವಿಷಯದಲ್ಲಿ ಸರ್ವಮಂಗಳ ಮೇಡಂ ಹೇಳಿದ್ದೇ ಕೊನೆಯ ಮಾತು. ನಮ್ಮ ಖಾಸಗಿ ಪದವಿ ಕಾಲೇಜಿನಲ್ಲಿ ಅವರು ವಾಣಿಜ್ಯ ವಿಭಾಗದ ಮುಖ್ಯಸ್ಥೆ, ಆದರೆ ಅದು ಬಿಡುವಿನ ಕೆಲಸ. ಅಸಲು ಕಸುಬು ಊರಿನ ಮುನಿಸುಗಳನ್ನು ಜೋಪಾನ ಮಾಡುವುದು. ಎಲೆ ಹಾಕುವ ಹೊತ್ತಿಗೆ ಛತ್ರದ ಬಾಗಿಲಲ್ಲಿ ನಿಂತು, ಯಾವ ಮನೆಯವರು ಯಾವ ಮನೆಯವರ ಜೊತೆ ಮಾತು ಬಿಟ್ಟಿದ್ದಾರೆ ಎಂದು ಲೆಕ್ಕ ಹಾಕಿ ಕೂರಿಸುತ್ತಾರೆ. ಜಗಳವಾಡಿದವರೇ ಮರೆತ ಜಗಳಗಳು ಅವರ ನೆನಪಿನಲ್ಲಿ ಹಸಿಯಾಗಿರುತ್ತವೆ. ಹಾಗಾಗಿ ನಮ್ಮೂರ ಮದುವೆಗಳಲ್ಲಿ ರಂಪವಾಗುವುದಿಲ್ಲ, ರಾಜಿಯೂ ಆಗುವುದಿಲ್ಲ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಮೇಜು ಅವರ ಮೇಜಿಗೆ ಅಂಟಿಕೊಂಡೇ ಇದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ನನಗೊಂದು ಹೆಸರಿದೆ. ಅವರ ಪಕ್ಕ ಆರು ತಿಂಗಳು ಕೂತರೆ ಯಾರಿಗಾದರೂ ಆ ಹೆಸರು ಬರುತ್ತದೆ.

ಈ ವರ್ಷ ಪ್ರಾಂಶುಪಾಲ ರಾಜಪ್ಪನವರು ಕಾಲೇಜಿಗೆ ಆನ್‌ಲೈನ್ ಪೋರ್ಟಲ್ ತಂದರು. ಪಾಠ, ಹಾಜರಿ, ಅಂಕ ಎಲ್ಲವೂ ಇನ್ನು ಅದರಲ್ಲೇ ಎಂದರು. ತಪಾಸಣೆಯ ತಂಡ ಬರುವುದಿತ್ತು, ಅದಕ್ಕೇ ಈ ಜ್ಞಾನೋದಯ. ಕೊನೆಯ ವರ್ಷದ ಬಿ.ಕಾಂ. ಮಕ್ಕಳನ್ನು ಪೋರ್ಟಲ್‌ನಲ್ಲಿ ಗುಂಪುಗಳಾಗಿ ವಿಂಗಡಿಸಬೇಕು. ಪ್ರತಿ ಗುಂಪು ಒಂದು ಪ್ರಾಜೆಕ್ಟ್ ಬರೆಯಬೇಕು, ಗುಂಪಿಗೆ ಸೇರಿಸಿದ ಮೇಷ್ಟ್ರು ಅದಕ್ಕೆ ಇಪ್ಪತ್ತು ಅಂಕದೊಳಗೆ ಅಂಕ ಹಾಕಬೇಕು. ಅಂಕ ಬೀಳದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ.

"ಗುಂಪು ಮಾಡೋ ಕೆಲ್ಸ ನೀವೇ ತಗೊಳ್ರಿ ಮೇಡಂ. ಇದ್ರಾಗೆ ನೀವು ಪಳಗಿದೋರು" ಎಂದರು ರಾಜಪ್ಪ. ನಾಯಿಮರಿಗೆ ತಾವೇ ಬಿಸ್ಕತ್ತು ಎಸೆದದ್ದು ಅವರಿಗೆ ಗೊತ್ತಾಗಲಿಲ್ಲ.

ಕಂಪ್ಯೂಟರ್ ಮೇಷ್ಟ್ರು ಶಾನವಾಜ್, ಪೇಟೆಯ ಬಟ್ಟೆ ಅಂಗಡಿಯವರ ಮಗ, ಮೇಡಂಗೆ ಪೋರ್ಟಲ್ ತೋರಿಸಲು ಬಂದ. "ಈ ಬಟನ್ ಒತ್ತಿದ್ರೆ ಮುಗೀತು ಮೇಡಂ. ಅದೇ ಹಂಚಿ ಗುಂಪು ಮಾಡ್ಕೊಳ್ಳುತ್ತೆ."

"ಅದಕ್ಕೇನ್ರೀ ಗೊತ್ತು ತಾಳಗುಂದದೋರ ವಿಷ್ಯ" ಎಂದರು ಮೇಡಂ, ಆ ಬಟನ್ ಕಡೆ ತಿರುಗಿಯೂ ನೋಡದೆ.

ತಾಳಗುಂದದ ವಿಷಯ ಏನೆಂದರೆ, ಚೌಡೇಶ್ ಎಂಬ ಹುಡುಗನ ಅಜ್ಜನ ಎಮ್ಮೆ ಅವನ ಗೆಳೆಯನ ಅಜ್ಜನ ಜೋಳದ ಹೊಲಕ್ಕೆ ನುಗ್ಗಿತ್ತು. ಎಮ್ಮೆ ಸತ್ತಿದೆ, ಅಜ್ಜಂದಿರೂ ಇಲ್ಲ. ಮೊಮ್ಮಕ್ಕಳು ಒಂದೇ ಬೈಕಿನಲ್ಲಿ ಕಾಲೇಜಿಗೆ ಬರುತ್ತಿದ್ದರು. ಮೇಡಂ ಅವರಿಬ್ಬರನ್ನು ಬೇರೆ ಬೇರೆ ಗುಂಪಿಗೆ ಹಾಕಿದರು. ಒಂದೇ ಡಬ್ಬಿಯಲ್ಲಿ ತಿನ್ನುತ್ತಿದ್ದ ಉಳವಿಯ ಇಬ್ಬರು ಹುಡುಗಿಯರನ್ನೂ, ಅವರು ಹುಟ್ಟುವ ಮೊದಲು ಮುರಿದುಬಿದ್ದ ಒಂದು ನಿಶ್ಚಿತಾರ್ಥದ ಗೌರವಾರ್ಥ, ಬೇರೆ ಮಾಡಿದರು. ಮಕ್ಕಳು ಮನೆಗೆ ಹೋಗಿ ಯಾಕೆ ಹೀಗೆ ಎಂದು ಕೇಳಿದರು. ಮನೆಯವರು ನೆನಪು ಮಾಡಿಕೊಂಡು ಹೇಳಿದರು. ಮರುವಾರದಿಂದ ಚೌಡೇಶ್ ಬಸ್ಸಿಗೆ ಬರತೊಡಗಿದ. ಶಿಕ್ಷಣ ಎಂದರೆ ಅರಿವು ಮೂಡಿಸುವುದು ತಾನೆ.

ಒಂದು ಗುಂಪಿನ ಕೆಲಸ ಇನ್ನೊಂದು ಗುಂಪಿಗೆ ಕಾಣದಂತೆ ಮಾಡುವ ಸೌಲಭ್ಯ ಪೋರ್ಟಲ್‌ನಲ್ಲಿದೆ ಎಂದು ಶಾನವಾಜ್ ಹೇಳಿದಾಗ ಮೇಡಂ ಮುಖ ಅರಳಿದ್ದನ್ನು ನೋಡಬೇಕಿತ್ತು. "ಛತ್ರದಾಗೂ ಇಂಥದ್ದೊಂದು ಇರ್ಬೇಕಿತ್ತು ನೋಡ್ರಿ" ಎಂದರು. ಗುಂಪಿಗೆ ಸೇರದ ಮೇಷ್ಟ್ರಿಗೂ ಆ ಗುಂಪಿನ ಪ್ರಾಜೆಕ್ಟ್ ಕಾಣುವುದಿಲ್ಲ, ಅಂಕ ಹಾಕಲೂ ಬರುವುದಿಲ್ಲ ಎಂದು ಅವನು ಸೇರಿಸಿದ. ಮೇಡಂ ಅದಕ್ಕೂ ತಲೆದೂಗಿದರು.

ಹೀಗೆ ಎಂಟು ಗುಂಪುಗಳಾದವು. ಒಂಬತ್ತನೆಯ ಗುಂಪಿನಲ್ಲಿ ಒಬ್ಬಳೇ ಹುಡುಗಿ ಉಳಿದಳು, ಸೊರಬದಿಂದ ಬಸ್ಸಿನಲ್ಲಿ ಬರುವ ಚೈತ್ರಶ್ರೀ. ಮೇಡಂ ಒಡಹುಟ್ಟಿದ ತಂಗಿ ಶಿವಲೀಲಾಳ ಮಗಳು.

ಅಕ್ಕತಂಗಿಯರಿಗೆ ಮಾತಿಲ್ಲ. ಯಾವುದೋ ಮದುವೆಯಲ್ಲಿ ಮೇಡಂ ತಂಗಿಯ ಅತ್ತೆಯನ್ನು ಎರಡನೇ ಪಂಕ್ತಿಗೆ ಕಾಯಿಸಿದ್ದರು, ಆ ಅತ್ತೆ ಊಟ ಬಿಟ್ಟು ಸೊರಬದ ಬಸ್ ಹತ್ತಿದ್ದರು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ಮುನಿಸು ಮಾತ್ರ ಗಟ್ಟಿಮುಟ್ಟಾಗಿದೆ. ಚೈತ್ರಶ್ರೀ ಮೂರು ವರ್ಷದಿಂದ ಸ್ವಂತ ದೊಡ್ಡಮ್ಮನನ್ನು ಮೇಡಂ ಎನ್ನುತ್ತಿದ್ದಾಳೆ, ದೊಡ್ಡಮ್ಮ ಹಾಜರಿ ಕೂಗುವಾಗ ಅವಳ ಹೆಸರನ್ನಷ್ಟೇ ಸ್ವಲ್ಪ ಬೇಗ ಓದಿ ಮುಗಿಸುತ್ತಾರೆ.

ವಾಣಿಜ್ಯ ವಿಭಾಗದಲ್ಲಿರುವುದು ಇಬ್ಬರೇ, ಮೇಡಂ ಮತ್ತು ನಾಗರಾಜ್ ಮೇಷ್ಟ್ರು. ತಂಗಿಯ ಮಗಳ ಗುಂಪಿಗೆ ಮೇಡಂ ತಾವು ಸೇರುವ ಹಾಗಿಲ್ಲ. ನಾಗರಾಜರನ್ನೂ ಸೇರಿಸುವ ಹಾಗಿಲ್ಲ, ಏಕೆಂದರೆ ಅವರು ಒಂದು ಕಾಲದಲ್ಲಿ ಶಿವಲೀಲಾಳನ್ನು ನೋಡಲು ಬಂದಿದ್ದ ಗಂಡು, ಅವಳು ಬೇಡ ಎಂದಿದ್ದಳು. ಹೀಗೆ ಒಂಬತ್ತನೆಯ ಗುಂಪಿಗೆ ಮೇಷ್ಟ್ರೇ ಇಲ್ಲದಂತಾಯಿತು. ಇಷ್ಟು ಅಚ್ಚುಕಟ್ಟಾದ ಮೂರ್ಖತನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಹುಡುಗಿ ಸೊರಬದ ಪಾತ್ರೆ ಅಂಗಡಿಗಳ ವ್ಯಾಪಾರದ ಬಗ್ಗೆ ಒಬ್ಬಳೇ ಅಂಗಡಿ ಅಂಗಡಿ ಸುತ್ತಿ ಪ್ರಾಜೆಕ್ಟ್ ಬರೆದಳು. ಪೋರ್ಟಲ್‌ಗೆ ಹಾಕಿ, ಒಂದು ವಾರ ಕಾದು, ಸ್ಟಾಫ್ ರೂಮಿಗೆ ಬಂದಳು.

"ಮೇಡಂ, ನನ್ ಪ್ರಾಜೆಕ್ಟ್ ಯಾರು ನೋಡ್ತಾರೆ?"

"ಪೋರ್ಟಲ್ ನೋಡುತ್ತೆ" ಎಂದರು ಮೇಡಂ, ತಲೆ ಎತ್ತದೆ.

ಶನಿವಾರ ಸಂಜೆ ಅಂಕ ಹಾಕುವುದು ಬಂದ್ ಆಗುವುದಿತ್ತು. ಶುಕ್ರವಾರ ನಾನು ತಡೆಯಲಾರದೆ ಕೇಳಿದೆ, "ಆ ಹುಡುಗಿದು ಒಂದು ವರ್ಷ ಹೋಗುತ್ತೆ ಮೇಡಂ. ನಿಮ್ಗೆ ರಾತ್ರಿ ನಿದ್ದೆ ಹೆಂಗೆ ಬರುತ್ತೆ?"

"ಅವ್ರಮ್ಮ ಬಂದು ಕೇಳ್ಲಿ. ನಂದೇನು ಹಟ ಇಲ್ಲಪ್ಪ."

ಶಾನವಾಜ್ ಕೂಡ ಗೋಗರೆದ, "ನೀವು ಹೂಂ ಅನ್ರಿ ಸಾಕು, ನಾಗರಾಜ್ ಸರ್ ಹೆಸರು ನಾನೇ ಸೇರಿಸ್ತೀನಿ." ವಿಭಾಗದ ಮುಖ್ಯಸ್ಥರು ಒಪ್ಪದೆ ಅವನೂ ಕೈ ಹಾಕುವಂತಿರಲಿಲ್ಲ. ಮೇಡಂ ಹೂಂ ಎನ್ನಲಿಲ್ಲ.

ಶನಿವಾರ ಮಧ್ಯಾಹ್ನ ನಾನು ನಾಗರಾಜರನ್ನೇ ಎಳೆದುಕೊಂಡು ಬಂದು ಮೇಡಂ ಎದುರು ನಿಲ್ಲಿಸಿದೆ. ಅವರು ತಂಟೆತಕರಾರಿಲ್ಲದ ಮನುಷ್ಯ, ಕುಪ್ಪಗಡ್ಡೆಯ ಕಡೆಯವರು. ವಿಷಯ ಕೇಳಿ ನಕ್ಕರು.

"ಎಂತ ಮೇಡಂ ಇದು, ಇಪ್ಪತ್ತೈದು ವರ್ಷದ ಹಿಂದಿನ ಕತೆ. ಆಗ ಎಷ್ಟೋ ಕಡೆ ಹೋಗಿದ್ದೆ ಹೆಣ್ಣು ನೋಡಕ್ಕೆ. ನಿಮ್ ತಂಗಿನ ನೋಡಿದ್ದೇ ನಂಗೆ ನೆನಪಿಲ್ಲ."

ಮೇಡಂ ಕನ್ನಡಕ ತೆಗೆದರು.

"ನೆನಪಿಲ್ವಾ? ನಮ್ ಶಿವಲೀಲಾ ನೆನಪಿರಲಾರದಂಥ ಹೆಣ್ಣೇನ್ರೀ? ಅವತ್ತು ನಮ್ಮನೇಲಿ ಕೂತು ಎರಡೆರಡು ಸಲ ಉಪ್ಪಿಟ್ಟು ಹಾಕಿಸ್ಕೊಂಡು ತಿಂದ್ರಿ. ಅಡಿಗೆ ಅವಳೇ ಮಾಡಿದ್ದು. ನೆನಪಿಲ್ಲ ಅಂತಾರೆ, ನೆನಪಿಲ್ಲ."

ಶಿವಲೀಲಾ ಎಂಬ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮೇಡಂಗೂ ಅದು ಕೇಳಿಸಿರಬೇಕು, ಮಾತು ಅಲ್ಲಿಗೇ ನಿಂತಿತು. ನಾಗರಾಜ್ ಏನೋ ಸಮಾಧಾನ ಹೇಳಲು ಹೋದರು.

"ನೀವೇನೂ ನೋಡೋದು ಬೇಡ ನಮ್ ಹುಡುಗಿ ಬರ್ದಿದ್ದನ್ನ" ಎಂದು ಮೇಡಂ ಕಂಪ್ಯೂಟರಿನತ್ತ ತಿರುಗಿದರು. ಶಾನವಾಜ್ ಬೆರಳು ತೋರಿಸಿದ ಕಡೆಯೆಲ್ಲ ಒತ್ತಿ, ಒಂಬತ್ತನೆಯ ಗುಂಪಿಗೆ ತಮ್ಮ ಹೆಸರು ಸೇರಿಸಿಕೊಂಡರು.

ಮೇಷ್ಟ್ರು ಸೇರಿದರೆ ಪೋರ್ಟಲ್ ಅವರ ಹೆಸರು ಹಾಕಿ ಹುಡುಗಿಗೂ ಅವಳ ಮನೆಗೂ ಮೆಸೇಜ್ ಕಳಿಸುತ್ತದೆ. ಅರ್ಧ ಗಂಟೆಯಲ್ಲಿ ಮೇಡಂ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ 'ಸೊರಬ' ಎಂದಿತ್ತು. ತಂಗಿಯ ಹೆಸರು ಬರೆದಿಟ್ಟಿರಲಿಲ್ಲ, ಆದರೆ ನಂಬರ್ ಅಳಿಸಿಯೂ ಇರಲಿಲ್ಲ. ಅವರ ಫೋನಿನ ದನಿ ಯಾವಾಗಲೂ ಜೋರು, ನಾವೆಲ್ಲ ಪುಸ್ತಕ ತೆರೆದು ಕೂತು ಕೇಳಿಸಿಕೊಂಡೆವು.

"ಅಕ್ಕ, ಮಾರ್ಕ್ಸ್ ಹಾಕಿದ್ಯ?"

"ಓದ್ದೆ. ಹದಿನೈದು ಹಾಕ್ತಿದೀನಿ."

"ಹದಿನೈದಾ? ಎಂತಕ್ಕೆ?"

"ಪುಟಕ್ಕೆ ನಂಬರ್ ಹಾಕಿಲ್ಲ. ಕೊನೇಲಿ ತೀರ್ಮಾನ ಅಂತ ಬರೀಬೇಕು, ಅದೂ ಇಲ್ಲ. ನಿಂದೇ ಅವಸರದ ಬುದ್ಧಿ ಬಂದೈತೆ ಅವಳಿಗೆ."

"ಬೇರೆಯವರು ಐದೈದು ಜನ ಕೂತು ಬರ್ದಿದ್ದನ್ನ ಇವಳು ಒಬ್ಬಳೇ ಬರ್ದಿದಾಳೆ. ಒಬ್ಬಳನ್ನೇ ಬೇರೆ ಇಟ್ಟಿದ್ದು ಯಾರು?"

ಊರಿನ ಎಲ್ಲ ಮನೆಗಳ ತಪ್ಪು ಯಾರದೆಂದು ಥಟ್ಟನೆ ಹೇಳಬಲ್ಲ ಹೆಂಗಸು ಕೀಬೋರ್ಡಿನ ಧೂಳನ್ನು ಸೆರಗಿನಿಂದ ಒರೆಸಿದರು. "ನಾನೇ" ಎಂದರು ಕೊನೆಗೆ.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. "ಹಂಗಾದ್ರೆ ಇಪ್ಪತ್ತು ಹಾಕು."

"ಹದಿನೆಂಟು" ಎಂದರು ಮೇಡಂ. ಕಣ್ಣೀರು ಕೀಬೋರ್ಡಿನ ಮೇಲೆ ಬೀಳುತ್ತಿತ್ತು, ಶಾನವಾಜ್ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ಪುಟದ ನಂಬರಿಗೆ ಎರಡು ಹೋಗುತ್ತೆ ಕಣೆ. ಅದ್ರಾಗೆ ನಾನು ಯಾರ ಮಾತೂ ಕೇಳಲ್ಲ."