ಮೂರನೆಯ ಕೂಗು

ನಮ್ಮ ಮನೆಯವರಿಗೆ ಮೆಲ್ಲಗೆ ಮಾತಾಡಲು ಬಾರದು. ಹಾಸನದ ನಮ್ಮ ಬೀದಿಯಲ್ಲಿ ನಾನು ಫೋನಿನಲ್ಲಿ ಅಕ್ಕನ ಕ್ಷೇಮಸಮಾಚಾರ ಕೇಳಿದರೆ ಎದುರು ಮನೆಯವರಿಗೂ ಅವಳ ಮಂಡಿನೋವು ಎಷ್ಟು ಕಡಿಮೆಯಾಯಿತೆಂದು ತಿಳಿಯುತ್ತಿತ್ತು. ನನ್ನ ಹೆಂಡತಿ ದಂಡಿಗನಹಳ್ಳಿ ಕಡೆಯವಳು, ಕೆರೆ ನೀರು ಕುಡಿದು ಬೆಳೆದವಳು. ನಿಂತ ನೀರಿನ ಹಾಗೆ ಅವಳ ಮಾತೂ ತಣ್ಣಗೆ. ಮದುವೆಯಾದ ಹೊಸದರಲ್ಲಿ ಅಕ್ಕನೂ ನಾನೂ ಸಾರಿನ ಉಪ್ಪಿನ ವಿಚಾರ ಮಾತಾಡುತ್ತಿದ್ದುದನ್ನು ಕೇಳಿ, ಆಸ್ತಿ ಜಗಳವೆಂದು ತಿಳಿದು ಕೋಣೆಯಲ್ಲಿ ಅಳುತ್ತಾ ಕೂತಿದ್ದಳು.

ತಪ್ಪು ನಮ್ಮದಲ್ಲ, ಹೊಳೆಯದು. ಅರಕಲಗೂಡು ತಾಲ್ಲೂಕಿನ ನಮ್ಮೂರಲ್ಲಿ ಕಾವೇರಿಗೆ ಅಡ್ಡಲಾಗಿ ಹಳೆಯದೊಂದು ಕಟ್ಟೆಯಿದೆ. ಅದರ ಮೇಲಿಂದ ಧುಮುಕಿದ ನೀರು ಬಂಡೆಗಳ ನಡುವೆ ಭೋರೆನ್ನುತ್ತಲೇ ಇರುತ್ತದೆ. ನಮ್ಮ ಮನೆ ಅದರ ಪಕ್ಕದಲ್ಲೇ. ಅತ್ತ ರುದ್ರಪಟ್ಟಣದ ಮಕ್ಕಳು ಶ್ರುತಿ ಹಿಡಿದು ಗಂಟಲು ಪಳಗಿಸಿಕೊಂಡರೆ ಇತ್ತ ನಾವು ಈ ನೀರಿನ ಎದುರು ಕೂಗಿ ಕೂಗಿ ಪಳಗಿಸಿಕೊಂಡೆವು. ಅವರು ವಿದ್ವಾಂಸರಾದರು. ನಾನು ಮೇಷ್ಟ್ರಾದೆ, ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನವರಿಗೂ ನಿದ್ದೆ ಬರುವುದಿಲ್ಲ.

ಈ ವಿದ್ಯೆಯಲ್ಲಿ ನಮ್ಮನ್ನು ಮೀರಿಸಿದ ಹಕ್ಕಿಯೊಂದಿತ್ತು, ಕುಂಡೆಕುಸ್ಕ. ಸ್ಟಾಫ್ ರೂಮಿನಲ್ಲಿ ಆ ಹೆಸರು ಹೇಳಲು ನನಗೆ ಈಗಲೂ ನಾಚಿಕೆ. ಆದರೆ ಕೂತಲ್ಲಿ ನಿಂತಲ್ಲಿ ಬಾಲ ಕುಣಿಸುವ ಹಕ್ಕಿಗೆ ಹಿರಿಯರು ಇನ್ನೇನು ಹೆಸರಿಟ್ಟಾರು? ಮೈ ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಮೇಲೊಂದು ಬಿಳಿ ಹುಬ್ಬು. ನೀರು ಸಿಡಿಯುವ ಬಂಡೆಯ ಮೇಲೆ ಓಡಾಡಿ ಹುಳ ಹಿಡಿಯುವುದು, ನಡುನಡುವೆ ಎದೆಯುಬ್ಬಿಸಿ ಹಾಡುವುದು. ಹಕ್ಕಿಗಳ ಬಗ್ಗೆ ಓದಿಕೊಂಡ ಗೆಳೆಯರೊಬ್ಬರು ಹೇಳುತ್ತಾರೆ, ಹೊಳೆಯ ಸದ್ದು ಮಂದ್ರದ್ದಂತೆ, ಅದಕ್ಕೇ ಹೊಳೆಯ ಹಕ್ಕಿಗಳು ತಾರಕದಲ್ಲಿ ಹಾಡಿ ಪಾರಾಗುತ್ತವಂತೆ. ನಮ್ಮಕ್ಕನದೂ ಅದೇ ಉಪಾಯ.

ಅವ್ವ ಗದ್ದೆಯಲ್ಲಿರುತ್ತಿದ್ದುದರಿಂದ ಬಂಡೆಗಳ ಮೇಲೆ ಆಡುವ ನನ್ನನ್ನು ಊಟಕ್ಕೆ ಕರೆಯುವ ಕೆಲಸ ಅಕ್ಕನದು. ದಡದ ಮೇಲೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, "ಮಂಜೋ, ಉಣ್ಣಕ್ ಬಾರ್ಲಾ" ಎಂದು ಎಳೆದು ಕೂಗುವಳು. ಮೂರು ಕೂಗಿಗೆ ಮೊದಲು ಓಗೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. "ಮೊದಲ್ನೇದು ಗಂಟ್ಲಿಗೆ, ಎರಡ್ನೇದು ನೀರಿಗೆ, ಮೂರ್ನೇದು ನಿಂಗೆ ಕಣ್ಲಾ" ಎನ್ನುತ್ತಿದ್ದಳು. ಮೊದಲನೆಯದೇ ಕೇಳಿಸಿದರೂ ನಾನು ಸುಮ್ಮನಿರುತ್ತಿದ್ದೆ. ಆ ಕೂಗು ಅಷ್ಟು ಚೆನ್ನಾಗಿತ್ತು.

ಈ ವರ್ಷ ಅಕ್ಕನ ಕತ್ತಿನಲ್ಲಿ ಗಂಟು ಕಾಣಿಸಿತು. ಹಾಸನದಲ್ಲಿ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲವೆಂದು ತಿಳಿದು ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಡಾಕ್ಟರು, ದನಿಯ ನರಕ್ಕೆ ಪೆಟ್ಟಾಗಿದೆ, ಹೋದ ದನಿ ಮರಳಬಹುದು, ಮರಳದೆಯೂ ಇರಬಹುದು ಎಂದರು. ಗಾಯ ಮಾಯುವವರೆಗೆ ಅಕ್ಕ ನಮ್ಮಲ್ಲೇ ಇದ್ದಳು. ಬಾಯಿ ಬಿಟ್ಟರೆ ಬರೀ ಗಾಳಿ. ದನಿ ಹೋದವರ ಎದುರು ಜನ ಯಾಕೋ ಅವರಿಗೆ ಕಿವಿ ಕೇಳದೇನೋ ಎಂಬಂತೆ ಮಾತಾಡುತ್ತಾರೆ, ನಾನಂತೂ "ಕಾಫಿ ಬೇಕಾ?" ಎಂದರೆ ಬೀದಿಗೇ ಕೇಳಬೇಕು. ಒಂದು ದಿನ ಹತ್ತಿರ ಕರೆದು ಪಿಸುಗುಟ್ಟಿದಳು: "ಓಗಿರಾದು ಗಂಟ್ಲು ಕಣ್ಲಾ, ಕಿವಿಯಲ್ಲ." ಎಲ್ಲರೂ ನಕ್ಕೆವು. ಆದರೆ ಆ ಕೂಗನ್ನು ಇನ್ನೆಂದೂ ಕೇಳಲಾರೆನೇನೋ ಎಂದು ನನಗೆ ಒಳಗೊಳಗೇ ಭಯ.

ಹೋದ ಭಾನುವಾರ ಅವಳನ್ನು ಊರಿಗೆ ಬಿಡಲು ಹೋದೆ. ಊರೊಳಗೇ ಮದುವೆಯಾದ ಅವಳ ಮನೆಯೂ ಕಟ್ಟೆಯ ಹತ್ತಿರವೇ. ಅವಳು ಮುದ್ದೆಗೆ ಎಸರಿಟ್ಟಾಗ ನಾನು ಹೊಳೆಗಿಳಿದೆ. ಬಂಡೆಯ ಮೇಲೆ ಕುಂಡೆಕುಸ್ಕ ಇತ್ತು. ನಮ್ಮ ಕಾಲದ್ದರ ಮರಿಮಗನ ಮರಿಮಗ ಇರಬೇಕು. ಹಾಡು ಮಾತ್ರ ಅದೇ. ಕೇಳುತ್ತಾ ತಲೆಯೆತ್ತಿದರೆ ದಡದ ಮೇಲೆ ಅಕ್ಕ, ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ತುಟಿ ಆಡಿತು. ನನಗೆ ಕೇಳಿಸಿದ್ದು ನೀರು ಮತ್ತು ಹಕ್ಕಿ. ಅವಳು ಎರಡನೆಯ ಕೂಗಿಗೆ ಉಸಿರೆಳೆದುಕೊಳ್ಳುತ್ತಿದ್ದಳು.

"ಬಂದೇ" ಎಂದು ಕೂಗಿದೆ. ಹಕ್ಕಿ ಬೆದರಿ ಹಾರಿಹೋಯಿತು.

ಏದುಸಿರು ಬಿಡುತ್ತಾ ದಡ ಹತ್ತಿದಾಗ ಅಕ್ಕ ಗಾಳಿಯ ದನಿಯಲ್ಲಿ ಕೇಳಿದಳು, "ಕೇಳುಸ್ತಾ?"

"ಮೊದಲ್ನೇ ಕೂಗೇ ಕೇಳುಸ್ತು ಕಣಕ್ಕ."



"ಸುಳ್ಳೇಳ್ಬ್ಯಾಡ. ಮುದ್ದೆ ಆರೋಯ್ತೈತೆ, ನಡಿ" ಎಂದು ಕೈ ಹಿಡಿದುಕೊಂಡವಳು ಮನೆಯವರೆಗೂ ಬಿಡಲಿಲ್ಲ.